ಊರಿನ ಅನುಭವ, ಓದಿನ ಕೊನೆಯ ವರ್ಷ: ಪ್ರಾಜೆಕ್ಟ್ ವಿಷಯ ಆರಿಸುವ ಬಗೆ

ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ವಿದ್ಯಾರ್ಥಿಯು ಗೈಡ್ ಒಬ್ಬರ ಮಾರ್ಗದರ್ಶನದಲ್ಲಿ ಒಂದು ಪ್ರಶ್ನೆಯನ್ನು ತಾನೇ ಎತ್ತಿಕೊಂಡು, ಅದಕ್ಕೆ ಬೇಕಾದ ಮಾಹಿತಿಯನ್ನು ತಾನೇ ಕಲೆಹಾಕಿ, ವರದಿ ಬರೆದು, ವೈವಾದಲ್ಲಿ ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳುವ ಕೆಲಸ. ಕಲಾ ವಿಭಾಗದಲ್ಲಿ ಇದಕ್ಕೆ ಕಿರುಪ್ರಬಂಧ ಅಥವಾ ಡಿಸರ್ಟೇಶನ್ ಎಂಬ ಹೆಸರಿದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನಾಲ್ಕೈದು ಜನರ ತಂಡ ಸೇರಿ ಮಾಡುವುದು ರೂಢಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿದು ರೈತರೊಂದಿಗೆ ಕೆಲಸ ಮಾಡುವ ಗ್ರಾಮೀಣ ಕೃಷಿ ಕಾರ್ಯಾನುಭವ ಎಂಬ ಕಾರ್ಯಕ್ರಮವೇ ಇದೆ. ಹೆಸರು ಬೇರೆಯಾದರೂ ಎಲ್ಲದರ ಬೇಡಿಕೆ ಒಂದೇ: ಬೇರೆಯವರು ಬರೆದಿಟ್ಟದ್ದನ್ನು ಓದಿ ಒಪ್ಪಿಸುವುದು ಸಾಲದು, ಹೊಸದಾಗಿ ಏನನ್ನಾದರೂ ಕಂಡುಹಿಡಿಯಬೇಕು.

ಎಲ್ಲ ಕೋರ್ಸುಗಳಲ್ಲೂ ಪ್ರಾಜೆಕ್ಟ್ ಒಂದೇ ತೂಕದ್ದಲ್ಲ. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಹೀಗಾಗಿ ಅಕ್ಕಪಕ್ಕದ ಎರಡು ಬ್ಯಾಚುಗಳಿಗೆ ನಿಯಮ ಬೇರೆ ಬೇರೆ ಇರಬಹುದು. ಹಿರಿಯ ವಿದ್ಯಾರ್ಥಿ ಹೇಳಿದ್ದನ್ನು ನಂಬಿ ಹೊರಡುವ ಬದಲು, ತನ್ನ ಬ್ಯಾಚಿನ ಪಠ್ಯಕ್ರಮದಲ್ಲಿ ಪ್ರಾಜೆಕ್ಟಿಗೆ ಎಷ್ಟು ಕ್ರೆಡಿಟ್, ವರದಿಗೆ ಎಷ್ಟು ಅಂಕ, ವೈವಾಕ್ಕೆ ಎಷ್ಟು ಎಂಬುದನ್ನು ಮೊದಲು ನೋಡಿಕೊಳ್ಳುವುದು ಲೇಸು.

ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ಭಾಗದ ಕಾಲೇಜುಗಳಲ್ಲಿ ಓದುವವರಲ್ಲಿ ಹೆಚ್ಚಿನವರು ರೈತರ, ಕೂಲಿಕಾರರ, ಗಣಿ ಕಾರ್ಮಿಕರ, ಸಣ್ಣ ಅಂಗಡಿಕಾರರ ಮಕ್ಕಳು. ಮನೆಯಲ್ಲಿ ಕಂಡುಂಡ ಸಂಗತಿ ಸಂಶೋಧನೆಗೆ ವಿಷಯವಾಗುವುದಿಲ್ಲ, ಅದಕ್ಕೆ ದೊಡ್ಡ ಊರಿನ ದೊಡ್ಡ ವಿಷಯವೇ ಬೇಕು ಎಂಬ ಅಂಜಿಕೆ ಇವರಲ್ಲಿ ಸಾಮಾನ್ಯ. ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧ. ಕಾಲುವೆ ನೀರಾವರಿ, ಮಳೆಯಾಶ್ರಿತ ಎರೆ ಭೂಮಿ, ಚಿನ್ನದ ಗಣಿ, ಅಶೋಕನ ಶಾಸನ, ನವಶಿಲಾಯುಗದ ನೆಲೆ, ನಿರಾಶ್ರಿತರ ಪುನರ್ವಸತಿ ಕ್ಯಾಂಪು, ತಾಂಡಾಗಳಿಂದ ಹೊರಡುವ ಗುಳೆ ಎಲ್ಲವೂ ಒಂದು ಬಸ್ ಪ್ರಯಾಣದ ಅಂತರದಲ್ಲಿ ಸಿಗುವ ಪ್ರದೇಶ ರಾಜ್ಯದಲ್ಲಿ ಬಹಳ ಇಲ್ಲ.

ಅನುಭವದಿಂದ ಅಧ್ಯಯನಕ್ಕೆ

ವಿದ್ಯಾರ್ಥಿ ದೆಸೆಯ ಕೆಲಸವೇ ಬದುಕಿನ ದಾರಿಯಾದ ನಿದರ್ಶನ ಲಿಂಗಸುಗೂರು ತಾಲ್ಲೂಕಿನಲ್ಲೇ ಇದೆ. ಬ್ರಿಟಿಷ್ ಯುವಕ ರೇಮಂಡ್ ಆಲ್ಚಿನ್ 1944ರಲ್ಲಿ ಸೈನ್ಯದ ಸೇವೆಗಾಗಿ ಭಾರತಕ್ಕೆ ಬಂದವರು. ಇಲ್ಲಿ ಕಂಡದ್ದು ಅವರನ್ನು ಪುರಾತತ್ತ್ವದ ಕಡೆಗೆ ಎಳೆಯಿತು. ಲಂಡನ್ನಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಯಾಗಿದ್ದಾಗ, 1952ರಲ್ಲಿ, ಮುದಗಲ್ ಸಮೀಪದ ಪಿಕಳಿಹಾಳದಲ್ಲಿ ಉತ್ಖನನ ನಡೆಸಿದರು. ರಾಯಚೂರು ಜಿಲ್ಲೆಯ ಆದಿ ಸಂಸ್ಕೃತಿಗಳೇ ಅವರ ಪ್ರಬಂಧದ ವಸ್ತು. ಉತ್ಖನನದ ವರದಿ 1960ರಲ್ಲಿ ಪುಸ್ತಕವಾಯಿತು. ದಕ್ಷಿಣ ಭಾರತದ ನವಶಿಲಾಯುಗವನ್ನು ಓದುವವರು ಇಂದಿಗೂ ಪಿಕಳಿಹಾಳದ ಹೆಸರನ್ನು ದಾಟಿ ಹೋಗುವಂತಿಲ್ಲ. ಆಲ್ಚಿನ್ ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು.

ಇನ್ನೊಂದು ನಿದರ್ಶನ ಮೈಸೂರಿನದು. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಅವರ ವಿದ್ಯಾರ್ಥಿಯಾಗಿ ಎಂ.ಎ. ಪ್ರಬಂಧಕ್ಕೆ ಆರಿಸಿಕೊಂಡದ್ದು ತಮ್ಮ ಸೀಮೆಯ ಮದುವೆ ಮತ್ತು ಕುಟುಂಬ ಪದ್ಧತಿಯನ್ನು. ಆ ವಿದ್ಯಾರ್ಥಿ ಪ್ರಬಂಧ 1942ರಲ್ಲಿ ಪುಸ್ತಕವಾಗಿ ಅಚ್ಚಾಯಿತು. 1948ರಲ್ಲಿ ಅವರು ತಮ್ಮ ಪೂರ್ವಿಕರ ಊರಿನ ಆಸುಪಾಸಿನಲ್ಲೇ ಒಂದು ಹಳ್ಳಿಯನ್ನು ಆರಿಸಿ, ಅದಕ್ಕೆ ರಾಮಪುರ ಎಂಬ ಬೇರೆ ಹೆಸರಿಟ್ಟು, ಅಲ್ಲಿ ಉಳಿದು ಅಧ್ಯಯನ ಮಾಡಿದರು. ಭಾರತದ ಸಮಾಜಶಾಸ್ತ್ರ ಪಠ್ಯಗಳಲ್ಲಿ ಇಂದು ಕಾಣುವ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯ ಹಿಂದೆ ಆ ಹಳ್ಳಿಯ ಅನುಭವವಿದೆ.

ಇಬ್ಬರಲ್ಲೂ ಸಮಾನವಾದ ಒಂದು ಸಂಗತಿಯಿದೆ. ಅನುಭವ ಅವರನ್ನು ವಿಷಯದ ಬಾಗಿಲಿಗೆ ತಂದಿತು. ಆದರೆ ವರದಿಯಲ್ಲಿ ಬರೆದದ್ದು ಅನುಭವವನ್ನಲ್ಲ, ಯಾರು ಬೇಕಾದರೂ ಮರಳಿ ಪರೀಕ್ಷಿಸಬಹುದಾದ ಸಾಕ್ಷ್ಯವನ್ನು. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿ ಮೊದಲು ಅರಿಯಬೇಕಾದ ವ್ಯತ್ಯಾಸ ಇದೇ. ‘ನಮ್ಮ ಹೊಲಕ್ಕೆ ನೀರು ಬರುವುದಿಲ್ಲ’ ಎಂಬುದು ಅನುಭವ, ದೂರು ಕೂಡ ಹೌದು. ‘ಈ ಉಪಕಾಲುವೆಯ ಆರಂಭದಲ್ಲಿ, ನಡುವೆ ಮತ್ತು ಕೊನೆಯಲ್ಲಿ ಈ ಹಂಗಾಮಿನಲ್ಲಿ ಎಷ್ಟು ದಿನ ನೀರು ಹರಿಯಿತು’ ಎಂಬುದು ಪ್ರಶ್ನೆ. ಎರಡನೆಯದಕ್ಕೆ ವಿದ್ಯಾರ್ಥಿಯ ವೈರಿಯೂ ಹೋಗಿ ಎಣಿಸಿ ಅದೇ ಉತ್ತರ ತರಬಲ್ಲ. ವಿಷಯದ ಶೀರ್ಷಿಕೆಯನ್ನು ಗೈಡ್ ಮುಂದೆ ಇಡುವ ಮೊದಲು ಈ ಪರೀಕ್ಷೆಗೆ ಒಡ್ಡಿ ನೋಡಬೇಕು: ಉತ್ತರ ತಾನು ಅಂದುಕೊಂಡದ್ದಕ್ಕಿಂತ ಬೇರೆ ಬರುವ ಸಾಧ್ಯತೆ ಇದೆಯೇ? ಇಲ್ಲವಾದರೆ ಅದು ಸಂಶೋಧನೆಯ ಪ್ರಶ್ನೆಯಲ್ಲ.

ಕಾಲುವೆ ಕೊಡುವ ಪ್ರಶ್ನೆಗಳು

ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಉದ್ದ 227 ಕಿಲೋಮೀಟರ್. ಯೋಜನೆ ರೂಪಿಸುವಾಗ ನೀರನ್ನು ತೆಳುವಾಗಿ, ಆದಷ್ಟು ಹೆಚ್ಚು ಹೊಲಗಳಿಗೆ ಹಂಚುವ ಉದ್ದೇಶವಿತ್ತು. ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳೇ ಹೆಚ್ಚಿನ ಜಮೀನಿಗೆ ನಿಗದಿಯಾಗಿದ್ದವು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಆಂಧ್ರದ ಕರಾವಳಿಯಿಂದ ಬಂದು ಜಮೀನು ಕೊಂಡು ಕ್ಯಾಂಪು ಕಟ್ಟಿಕೊಂಡ ರೈತರು ಅದಕ್ಕೆ ವೇಗ ಕೊಟ್ಟರು. ಕೊನೆ ಭಾಗದ ಹೊಲಗಳಿಗೆ ನೀರು ಕಡಿಮೆಯಾಯಿತು. ಇದರಿಂದ ಎದ್ದ ನೀರಿನ ಜಗಳದ ಮೇಲೆಯೇ ನೆದರ್ಲೆಂಡ್ಸಿನ ಪೀಟರ್ ಮೊಲಿಂಗ 1998ರಲ್ಲಿ ವಾಗೆನಿಂಗೆನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಸಿಂಧನೂರಿನ ರೈತನ ಮಗಳಿಗೆ ಊಟದ ಹೊತ್ತಿನಲ್ಲಿ ಕಿವಿಗೆ ಬೀಳುವ ಮಾತು ಸಾವಿರಾರು ಮೈಲಿ ದೂರದ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ವಿಷಯವಾಗಿದೆ ಎಂದರೆ, ಅವಳು ಅದನ್ನು ಪದವಿಯ ಪ್ರಾಜೆಕ್ಟಿಗೆ ಆರಿಸಿಕೊಳ್ಳಲು ಹಿಂಜರಿಯಬೇಕಿಲ್ಲ.

ಆದರೆ ಇಡೀ ಕಾಲುವೆಯನ್ನು ಹೆಗಲಿಗೆ ಹಾಕಿಕೊಳ್ಳಬಾರದು. ‘ತುಂಗಭದ್ರಾ ನೀರಾವರಿ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯ ವರದಿಗಳು ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿರುವುದಕ್ಕೆ ಕಾರಣ ಅವುಗಳ ವ್ಯಾಪ್ತಿ. ಒಂದು ಉಪಕಾಲುವೆ, ಮೂರು ಜಾಗ, ಜಾಗಕ್ಕೆ ಹತ್ತು ರೈತರು, ಒಂದು ಹಂಗಾಮು: ಒಂದು ಸೆಮಿಸ್ಟರಿನಲ್ಲಿ ಒಬ್ಬರು ಮುಗಿಸಬಹುದಾದ ಕೆಲಸ ಇಷ್ಟೇ. ಇಷ್ಟನ್ನು ಚೆನ್ನಾಗಿ ಮಾಡಿದರೆ ಸಾಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋಯಿತು. ಅಂಥ ಘಟನೆಗಳ ನಂತರದ ಹಂಗಾಮುಗಳಲ್ಲಿ ರೈತರು ಬೆಳೆ ಬದಲಿಸಿದರೇ, ಜಮೀನು ಬೀಳು ಬಿಟ್ಟರೇ ಎಂಬುದು ಯಾವುದೇ ಊರಿನಲ್ಲಿ ಕೇಳಿ ದಾಖಲಿಸಬಹುದಾದ ಪ್ರಶ್ನೆ.

ಕಾಲುವೆಯ ಬೆನ್ನಿಗೇ ಸವಳಿನ ಸಮಸ್ಯೆ ಬರುತ್ತದೆ. ಹೆಚ್ಚು ನೀರು ನಿಂತ ಎರೆ ಭೂಮಿಯಲ್ಲಿ ಲವಣ ಮೇಲಕ್ಕೆ ಬಂದು ಪೈರು ಸೊರಗುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಸುಧಾರಣೆಗೆಂದೇ ದೀರ್ಘಕಾಲದಿಂದ ಕೆಲಸ ಮಾಡುತ್ತಿದೆ. ರಸಾಯನಶಾಸ್ತ್ರ ಅಥವಾ ಸಸ್ಯಶಾಸ್ತ್ರದ ವಿದ್ಯಾರ್ಥಿ ಅಲ್ಲಿನ ವಿಜ್ಞಾನಿಗಳನ್ನು ಒಮ್ಮೆ ಕಂಡು ಬಂದರೆ ತಿಂಗಳುಗಳ ಓಡಾಟ ಉಳಿಯುತ್ತದೆ. ಇಲ್ಲಿ ಒಂದು ತಾಂತ್ರಿಕ ಎಚ್ಚರಿಕೆ ಬೇಕು. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಲವಣಯುಕ್ತ ಎನ್ನುತ್ತಾರೆ. ಕಾಲೇಜು ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಮಾಡುವುದು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸುವ ವಿಧಾನ. ಅದರಲ್ಲಿ ಅಂಕಿ ಕಡಿಮೆ ಬರುತ್ತದೆ. ಈ ಅಂಕಿಯನ್ನು ನೇರವಾಗಿ 4ರ ಮಿತಿಯೊಂದಿಗೆ ಹೋಲಿಸಿದರೆ ಸವಳು ಹೊಲವೂ ಒಳ್ಳೆಯ ಹೊಲವಾಗಿ ಕಾಣುತ್ತದೆ, ವರದಿ ತಪ್ಪು ಹೇಳುತ್ತದೆ. ಯಾವ ವಿಧಾನದಿಂದ ಅಳೆದದ್ದು ಎಂದು ಬರೆಯದ ಅಂಕಿಗೆ ಬೆಲೆಯಿಲ್ಲ.

ಚಿನ್ನದ ನಾಡಿನ ನೀರು

ಲಿಂಗಸುಗೂರು ಭಾಗದ ಹಟ್ಟಿಯ ಗಣಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನ ಕಂಪನಿಯಾಗಿ ಶುರುವಾಗಿ, ರಾಜ್ಯ ಪುನರ್ವಿಂಗಡಣೆಯ ಬಳಿಕ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಗಣಿ ಕಾರ್ಮಿಕರ ಮಕ್ಕಳಿಗೆ ಭೂವಿಜ್ಞಾನ, ಯಂತ್ರಶಾಸ್ತ್ರ, ಕಾರ್ಮಿಕ ಅರ್ಥಶಾಸ್ತ್ರ ಎಲ್ಲಕ್ಕೂ ವಿಷಯ ಮನೆಯಂಗಳದಲ್ಲೇ ಇದೆ. ಅವುಗಳ ಪೈಕಿ ಜನರಿಗೆ ನೇರವಾಗಿ ಬೇಕಾದದ್ದು ಕುಡಿಯುವ ನೀರಿನ ಪರೀಕ್ಷೆ. ಈ ಭಾಗದ ಚಿನ್ನದ ಅದಿರಿನ ಜೊತೆ ಆರ್ಸೆನೊಪೈರೈಟ್ ಎಂಬ ಖನಿಜವೂ ಇರುತ್ತದೆ. ಅದರಿಂದ ಆರ್ಸೆನಿಕ್ ಅಂತರ್ಜಲಕ್ಕೆ ಸೇರಬಹುದು. ಜಿಲ್ಲೆಯ ಹಲವು ಊರುಗಳಲ್ಲಿ ಫ್ಲೋರೈಡ್ ಕೂಡ ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದಲ್ಲಿ 1.5ರವರೆಗೆ, ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು.

ನೀರಿನ ಮಾದರಿ ಹಿಡಿಯುವುದರಲ್ಲೇ ಅರ್ಧ ಪ್ರಾಜೆಕ್ಟ್ ಕೆಡುತ್ತದೆ. ಫ್ಲೋರೈಡ್ ಪರೀಕ್ಷೆಗೆ ಗಾಜಿನ ಬಾಟಲಿ ಸಲ್ಲದು, ಪ್ಲಾಸ್ಟಿಕ್ ಬಾಟಲಿಯೇ ಬೇಕು. ಆರ್ಸೆನಿಕ್ ಹಾಗೂ ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ ಹನಿಸಿ ಪಿಎಚ್ 2ಕ್ಕಿಂತ ಕೆಳಗೆ ತಂದು ಇಡಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಳ್ಳುತ್ತದೆ. ಕೈಪಂಪನ್ನು ಕೆಲವು ನಿಮಿಷ ಒತ್ತಿ, ಪೈಪಿನಲ್ಲಿ ನಿಂತ ನೀರು ಹೊರಹೋದ ಮೇಲೆ ಬಾಟಲಿ ತುಂಬಬೇಕು. ಬಾಟಲಿಯ ಮೇಲೆ ಊರು, ಕೈಪಂಪಿನ ಗುರುತು, ದಿನಾಂಕ, ವೇಳೆ ಅಲ್ಲಿಯೇ ಬರೆಯಬೇಕು. ಮನೆಗೆ ಹೋಗಿ ನೆನಪಿನಿಂದ ಬರೆದ ಚೀಟಿಯನ್ನು ನಂಬುವಂತಿಲ್ಲ. ಸ್ಥಳದಲ್ಲೇ ಮಾಡುವ ಕಿಟ್ ಪರೀಕ್ಷೆ ಬಣ್ಣ ನೋಡಿ ಅಂದಾಜು ಹೇಳುವುದೇ ಹೊರತು ನಿಖರ ಅಳತೆಯಲ್ಲ. ಕಿಟ್ಟಿನಲ್ಲಿ ಹೆಚ್ಚು ಬಂದ ಮಾದರಿಗಳನ್ನಾದರೂ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಅಥವಾ ವಿಶ್ವವಿದ್ಯಾಲಯಕ್ಕೆ ಕೊಟ್ಟು ಖಚಿತಪಡಿಸಿಕೊಳ್ಳಬೇಕು.

ಗುಳೆ, ಕೋಟೆ, ಶಾಸನ

ಲಿಂಗಸುಗೂರಿನ ಹಳ್ಳಿ, ತಾಂಡಾಗಳಿಂದ ಬೆಂಗಳೂರು, ಪುಣೆ, ಗೋವಾದ ಕಡೆ ಗುಳೆ ಹೋಗುವುದು ಹೊಸ ಸುದ್ದಿಯಲ್ಲ. ಅಪ್ಪ ಅವ್ವ ಗುಳೆ ಹೋದಾಗ ಅಜ್ಜಿಯ ಜೊತೆ ಊರಲ್ಲಿ ಉಳಿದು ಓದಿದ ಹುಡುಗ ಸಮಾಜಕಾರ್ಯದ ಅಥವಾ ಅರ್ಥಶಾಸ್ತ್ರದ ವಿದ್ಯಾರ್ಥಿಯಾದರೆ, ಅವನಿಗೆ ಗೊತ್ತಿರುವಷ್ಟು ಆ ವಿಷಯ ಹೊರಗಿನ ಸಂಶೋಧಕನಿಗೆ ಗೊತ್ತಿರಲು ಸಾಧ್ಯವಿಲ್ಲ. ಗುತ್ತಿಗೆದಾರ ಮುಂಗಡ ಕೊಡುವುದು ಯಾವ ತಿಂಗಳಲ್ಲಿ, ಅದನ್ನು ಏತಕ್ಕೆ ಖರ್ಚು ಮಾಡುತ್ತಾರೆ, ಶಾಲೆಯ ಹಾಜರಿ ಯಾವ ತಿಂಗಳು ಬೀಳುತ್ತದೆ, ಹಿಂದಿರುಗಿದ ಮಕ್ಕಳು ಅದೇ ತರಗತಿಯಲ್ಲಿ ಮುಂದುವರಿಯುತ್ತಾರೆಯೇ ಎಂಬ ಪ್ರಶ್ನೆಗಳು ಅವನಿಗೆ ತಾವಾಗಿಯೇ ಹೊಳೆಯುತ್ತವೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅರ್ಧ ಉತ್ತರವಿದೆ. ಉಳಿದದ್ದು ಜನರ ಬಾಯಲ್ಲಿ.

ಇತಿಹಾಸದ ವಿದ್ಯಾರ್ಥಿಗೂ ಇಲ್ಲಿ ಕೊರತೆಯಿಲ್ಲ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ ‘ಅಶೋಕ’ ಎಂಬ ಹೆಸರು ಆ ದೊರೆಯ ಶಾಸನಗಳಲ್ಲೇ ಮೊದಲ ಬಾರಿಗೆ ಸಿಕ್ಕಿತು. ಬೇರೆ ಶಾಸನಗಳಲ್ಲಿ ದೇವಾನಾಂಪ್ರಿಯ ಎಂದು ಕರೆದುಕೊಂಡ ದೊರೆ ಯಾರೆಂಬ ಊಹೆ ಅದರಿಂದ ಖಚಿತವಾಯಿತು. ಮುದಗಲ್ ಕೋಟೆ ಯಾದವರಿಂದ ಆದಿಲ್‌ಶಾಹಿಯವರೆಗೆ ಹಲವರ ಕೈ ಬದಲಾಯಿಸಿತು. ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಜಲದುರ್ಗವಿದೆ. ಇವುಗಳ ಚರಿತ್ರೆಯನ್ನು ಪುಸ್ತಕದಿಂದ ಮತ್ತೆ ನಕಲು ಮಾಡಿ ಫಲವಿಲ್ಲ. ಕೋಟೆಯ ಒಂದು ಭಾಗದ ಇಂದಿನ ಸ್ಥಿತಿಯನ್ನು ಫೋಟೊ, ಅಳತೆ ಸಮೇತ ದಾಖಲಿಸುವುದು, ಮುದಗಲ್ ಮೊಹರಂನಲ್ಲಿ ಯಾವ ಮನೆತನಕ್ಕೆ ಯಾವ ಸೇವೆ ನಡೆದು ಬಂದಿದೆ ಎಂದು ಹಿರಿಯರಿಂದ ಕೇಳಿ ಬರೆಯುವುದು ಹೊಸ ಜ್ಞಾನ. ಸಿಂಧನೂರು ಭಾಗದ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ನಿಂತ ಬಂಗಾಳಿ ನಿರಾಶ್ರಿತ ಕುಟುಂಬಗಳ ಮೊದಲ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ಮಾತನ್ನು ದಾಖಲಿಸುವ ಕೆಲಸ ಇನ್ನೂ ಮುಂದೂಡಿದರೆ ಕೈತಪ್ಪಿ ಹೋಗುತ್ತದೆ. ಕ್ಯಾಂಪಿನಲ್ಲೇ ಹುಟ್ಟಿ ಕನ್ನಡ ಬಂಗಾಳಿ ಎರಡನ್ನೂ ಆಡುವ ವಿದ್ಯಾರ್ಥಿಗಿಂತ ಅದಕ್ಕೆ ಯೋಗ್ಯರು ಬೇರೆ ಯಾರು?

ಹಳೆಯ ನೆಲೆಗಳಿಗೆ ಹೋಗುವವರು ಒಂದನ್ನು ಮರೆಯಬಾರದು: ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಮೇಲೆ ಬಿದ್ದಿರುವ ಮಡಕೆ ಚೂರನ್ನು ಕೂಡ ಎತ್ತಿ ತರಬಾರದು. ಫೋಟೊ ತೆಗೆದು, ಜಾಗದ ಗುರುತು ಬರೆದುಕೊಂಡು, ಚೂರನ್ನು ಅಲ್ಲಿಯೇ ಬಿಡಬೇಕು.

ಉದ್ಯೋಗದ ಗುರಿಗೆ ತಕ್ಕ ವಿಧಾನ

ವಿಷಯವನ್ನು ಅನುಭವ ಕೊಟ್ಟರೆ, ವಿಧಾನವನ್ನು ಉದ್ಯೋಗದ ಗುರಿ ನಿರ್ಧರಿಸಬೇಕು. ಹೆಚ್ಚಿನ ವಿದ್ಯಾರ್ಥಿಗಳು ಇದನ್ನು ತಿರುವುಮುರುವು ಮಾಡಿಕೊಂಡು, ಕೆಲಸ ಸಿಗುವ ‘ವಿಷಯ’ ಯಾವುದು ಎಂದು ಹುಡುಕುತ್ತಾರೆ. ಸಂದರ್ಶನದಲ್ಲಿ ಕೇಳುವವರಿಗೆ ವಿಷಯಕ್ಕಿಂತ, ಅಭ್ಯರ್ಥಿಗೆ ಯಾವ ಕೆಲಸ ಕೈಗೆ ಬಂದಿದೆ ಎಂಬುದು ಮುಖ್ಯ.

ಕಾಲುವೆಯ ಕೊನೆ ಭಾಗದ ನೀರಿನ ಅದೇ ಒಂದು ಸಮಸ್ಯೆಯನ್ನು ತೆಗೆದುಕೊಳ್ಳಬಹುದು. ಬ್ಯಾಂಕ್ ಕೆಲಸದ ಗುರಿಯುಳ್ಳ ವಾಣಿಜ್ಯ ವಿದ್ಯಾರ್ಥಿನಿ ಎಕರೆಗೆ ಗೊಬ್ಬರ, ಬೀಜ, ಕೂಲಿ, ಗುತ್ತಿಗೆ, ಡೀಸೆಲ್ ಪಂಪಿನ ಖರ್ಚನ್ನು ಲೆಕ್ಕ ಹಾಕಿ, ಬೆಳೆಸಾಲ ತೀರುವ ಬಗೆಯನ್ನು ನೋಡಬಹುದು. ಮುಂದೆ ಕೃಷಿ ಸಾಲದ ಅರ್ಜಿ ಅವಳ ಮೇಜಿಗೆ ಬಂದಾಗ ಆ ಲೆಕ್ಕ ಹೊಸದಾಗಿರುವುದಿಲ್ಲ. ಸಿವಿಲ್ ಎಂಜಿನಿಯರಿಂಗ್ ತಂಡ ತೂಬಿನ ಬಳಿ ತೇಲುವ ವಸ್ತು ಬಿಟ್ಟು ನೀರಿನ ವೇಗ ಅಳೆಯಬಹುದು. ಮೇಲ್ಮೈ ವೇಗವನ್ನು 0.85ರ ಸುಮಾರಿನ ಅಂಶದಿಂದ ಗುಣಿಸಿ, ಕಾಲುವೆಯ ಅಡ್ಡಕೊಯ್ತದ ವಿಸ್ತೀರ್ಣದೊಂದಿಗೆ ಸೇರಿಸಿದರೆ ಹರಿವು ಸಿಗುತ್ತದೆ, ದುಬಾರಿ ಉಪಕರಣ ಬೇಡ. ಕಂಪ್ಯೂಟರ್ ವಿದ್ಯಾರ್ಥಿ ನೀರು ಬಿಡುವ ದಿನವನ್ನು ರೈತರ ಮೊಬೈಲಿಗೆ ಕನ್ನಡದಲ್ಲಿ ತಿಳಿಸುವ ವ್ಯವಸ್ಥೆ ಕಟ್ಟಬಹುದು. ಹತ್ತು ರೈತರು ಒಂದು ಹಂಗಾಮು ನಿಜವಾಗಿ ಬಳಸಿದರು ಎಂದು ಹೇಳಬಲ್ಲವನ ಮಾತಿಗೆ, ಕಂಪನಿಯ ಸಂದರ್ಶನದಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿದ ಪ್ರೋಗ್ರಾಂಗಿಂತ ತೂಕ ಹೆಚ್ಚು. ಆಡಳಿತ ಸೇವೆಯ ಪರೀಕ್ಷೆಗೆ ಓದುವವರು ನೀರು ಬಳಕೆದಾರರ ಸಂಘದ ಕಾರ್ಯವೈಖರಿಯನ್ನು, ಪತ್ರಿಕೋದ್ಯಮದವರು ನೀರಿನ ವಿವಾದ ಪತ್ರಿಕೆಗಳಲ್ಲಿ ವರದಿಯಾದ ಬಗೆಯನ್ನು ನೋಡಬಹುದು. ಕನ್ನಡ ಎಂ.ಎ. ವಿದ್ಯಾರ್ಥಿಗೆ ಮಡಿ, ತೂಬು, ಮಸಾರಿ, ಎರೆ, ಸವಳು ಎಂಬಂಥ ನೀರಾವರಿ ಮತ್ತು ನೆಲದ ಪದಗಳ ಸಂಗ್ರಹವೇ ಒಂದು ಪ್ರಬಂಧ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಣದ ನೆರವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತ ಬಂದಿದೆ. ಕಾಲೇಜಿನ ಮೂಲಕ ಪ್ರಸ್ತಾವ ಕಳುಹಿಸಬೇಕು; ಆಯ್ಕೆಯಾದವರಿಗೆ ಧನಸಹಾಯ, ಮೌಲ್ಯಮಾಪನ, ಕೊನೆಗೆ ರಾಜ್ಯಮಟ್ಟದ ಪ್ರದರ್ಶನದಲ್ಲಿ ಅವಕಾಶ. ಸ್ಥಳೀಯ ಸಮಸ್ಯೆಗೆ ಸಂಬಂಧಿಸಿದ ಪ್ರಸ್ತಾವಗಳಿಗೆ ಅಲ್ಲಿ ಮನ್ನಣೆಯಿದೆ. ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಲ್ಪಾವಧಿ ಶಿಷ್ಯವೇತನವಿದೆ. ಕಲಾ, ವಾಣಿಜ್ಯ ಪದವಿಯವರಿಗೆ ಇಂಥ ನೆರವು ಕಡಿಮೆ. ಅವರು ಬಸ್ ಚಾರ್ಜು, ಜೆರಾಕ್ಸ್, ಬೈಂಡಿಂಗ್ ಖರ್ಚನ್ನು ಮೊದಲೇ ಲೆಕ್ಕ ಹಾಕಿ ಕ್ಷೇತ್ರವನ್ನು ಹತ್ತಿರದಲ್ಲೇ ಇಟ್ಟುಕೊಳ್ಳಬೇಕು.

ಹಂಗಾಮು ನೋಡಿ ಹೊರಡಬೇಕು

ಕಾಲೇಜಿನ ವೇಳಾಪಟ್ಟಿ ಸೆಮಿಸ್ಟರಿನ ಪ್ರಕಾರ ನಡೆಯುತ್ತದೆ, ಊರು ಹಂಗಾಮಿನ ಪ್ರಕಾರ. ಎಡದಂಡೆ ಕಾಲುವೆಗೆ ಮುಂಗಾರಿನ ನೀರು ಬರುವುದು ಸಾಮಾನ್ಯವಾಗಿ ಜುಲೈ-ಆಗಸ್ಟ್ ಹೊತ್ತಿಗೆ. ಬೇಸಿಗೆ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂಬುದು ನೀರಾವರಿ ಸಲಹಾ ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು. ನೀರಿನ ಹರಿವು ಅಳೆಯುವ ಪ್ರಾಜೆಕ್ಟನ್ನು ಕಾಲುವೆ ಬಂದಾದ ತಿಂಗಳಲ್ಲಿ ಶುರು ಮಾಡಿದರೆ ಕೈಗೆ ಏನೂ ಸಿಗದು. ನಾಟಿ, ಕೊಯ್ಲಿನ ದಿನಗಳಲ್ಲಿ ಪ್ರಶ್ನಾವಳಿ ಹಿಡಿದು ಹೋದವನಿಗೆ ಉತ್ತರಿಸಲು ಯಾರಿಗೂ ಬಿಡುವಿಲ್ಲ. ಹೊತ್ತು ಮುಳುಗಿದ ಮೇಲೆ ಕಟ್ಟೆಯ ಬಳಿ ಹೋಗಬೇಕು. ಗುಳೆ ಹೋದವರನ್ನು ಕಾಣಬೇಕಾದರೆ ಅವರು ಊರಿಗೆ ಬರುವ ಯುಗಾದಿ, ಮೊಹರಂ ನೋಡಬೇಕು. ಮೊಹರಂ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಕಳೆದ ವರ್ಷದ ತಿಂಗಳನ್ನು ನಂಬಿ ಕೂರಬಾರದು.

ಮನೆಯಿಂದ ಹೊರಡುವ ಮುಂಚೆ ಸಿಗುವ ದಾಖಲೆಗಳೂ ಬಹಳ. ಪಹಣಿ ‘ಭೂಮಿ’ ಜಾಲತಾಣದಲ್ಲಿದೆ. ಹೋಬಳಿವಾರು ಮಳೆ ಅಂಕಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ, ಎಪಿಎಂಸಿ ಧಾರಣೆ ಕೃಷಿ ಮಾರುಕಟ್ಟೆ ಇಲಾಖೆಯಲ್ಲಿ ಸಿಗುತ್ತದೆ. 2011ರ ಜನಗಣತಿಯಲ್ಲಿ ಹಳ್ಳಿವಾರು ಅಂಕಿಗಳಿವೆ, ಆದರೆ ಅವು ಹಳೆಯವು. ಮಸ್ಕಿ ಆಗ ಪ್ರತ್ಯೇಕ ತಾಲ್ಲೂಕು ಆಗಿರಲಿಲ್ಲ, ಆದ್ದರಿಂದ ಮಸ್ಕಿ ತಾಲ್ಲೂಕಿನ ಒಟ್ಟು ಸಂಖ್ಯೆಯನ್ನು ಹಳ್ಳಿಗಳ ಅಂಕಿ ಕೂಡಿಸಿಯೇ ಪಡೆಯಬೇಕು. ಕಚೇರಿಯಲ್ಲಿ ಕೇಳಿದರೂ ಸಿಗದ ದಾಖಲೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನದ ಅವಧಿ ಇರುವುದರಿಂದ ವರದಿ ಒಪ್ಪಿಸುವ ತಿಂಗಳಲ್ಲಿ ಅರ್ಜಿ ಹಾಕಿದರೆ ತಡವಾಯಿತೆಂದೇ ಲೆಕ್ಕ.

ತಮ್ಮವರನ್ನೇ ಕೇಳುವಾಗ

ಸ್ವಂತ ಊರಿನಲ್ಲಿ ಅಧ್ಯಯನ ಮಾಡುವವರಿಗೆ ಬಾಗಿಲು ಬೇಗ ತೆರೆಯುತ್ತದೆ. ಅಪಾಯ ಇರುವುದೂ ಅಲ್ಲಿಯೇ. ‘ನಿನಗೆ ಗೊತ್ತಿರೋದ ಐತಲ್ಲೋ ತಮ್ಮಾ’ ಎಂದು ಕಾಕಾ ಮಾತು ಮುಗಿಸಿಬಿಡುತ್ತಾರೆ. ವಿದ್ಯಾರ್ಥಿ ತನಗೆ ಗೊತ್ತಿದೆ ಎಂದುಕೊಂಡದ್ದನ್ನು ಅವರ ಬಾಯಲ್ಲಿ ತುಂಬಿ ಬರೆಯುತ್ತಾನೆ. ತನ್ನ ಓಣಿ, ತನ್ನ ಕುಲದ ಮನೆಗಳಿಗಷ್ಟೇ ಹೋಗಿ ‘ಗ್ರಾಮದ ಜನರ ಅಭಿಪ್ರಾಯ’ ಎಂದು ಶೀರ್ಷಿಕೆ ಕೊಟ್ಟ ವರದಿಗಳಿವೆ. ಇದನ್ನು ತಡೆಯುವ ಸರಳ ದಾರಿಯೆಂದರೆ ಗ್ರಾಮ ಪಂಚಾಯಿತಿಯ ಮನೆಪಟ್ಟಿಯಿಂದ ಇಷ್ಟನೇ ಇಷ್ಟನೇ ಮನೆ ಎಂದು ಆರಿಸಿ, ಆ ಮನೆ ಯಾವ ಓಣಿಯಲ್ಲಿದ್ದರೂ ಹೋಗುವುದು. ಹೆಣ್ಣುಮಕ್ಕಳ ಕೂಲಿ, ಆರೋಗ್ಯ, ಶೌಚಾಲಯದ ಪ್ರಶ್ನೆಗಳನ್ನು ಗಂಡಸರ ಎದುರು ಕೇಳಿದರೆ ಉತ್ತರ ಗಂಡಸರದೇ ಆಗಿರುತ್ತದೆ. ಅವನ್ನು ವಿದ್ಯಾರ್ಥಿನಿಯರೇ ಬೇರೆಯಾಗಿ ಕೂತು ಕೇಳಬೇಕು.

ಮಾಹಿತಿ ಕೊಡುವವರಿಗೆ ಏತಕ್ಕಾಗಿ ಕೇಳುತ್ತಿರುವುದು, ಹೆಸರು ಬರುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎಂದವರನ್ನು ಪೀಡಿಸಬಾರದು. ಸಾಲ, ಕಾಯಿಲೆ, ದೇವದಾಸಿ ಪದ್ಧತಿಯಂಥ ವಿಷಯಗಳಲ್ಲಿ ಹೆಸರು ಬದಲಿಸಿದರಷ್ಟೇ ಸಾಲದು: ಸಣ್ಣ ಊರಿನಲ್ಲಿ ‘ಮೂರು ಹೆಣ್ಣುಮಕ್ಕಳ, ಹಿಟ್ಟಿನ ಗಿರಣಿ ಇರುವ ವಿಧವೆ’ ಎಂದರೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಅಂಥ ವಿವರಗಳನ್ನೂ ಮರೆಮಾಚಬೇಕು. ತನ್ನ ಮನೆಯ ನೋವನ್ನೇ ವಿಷಯ ಮಾಡಿಕೊಂಡ ವಿದ್ಯಾರ್ಥಿ ಅದನ್ನು ವರದಿಯಲ್ಲಿ ಎಷ್ಟು ಹೇಳಬೇಕು ಎಂಬುದು ಅವನಿಗೆ ಬಿಟ್ಟದ್ದು. ಮುನ್ನುಡಿಯ ಒಂದೆರಡು ವಾಕ್ಯ ಸಾಕು, ಹೇಳದಿದ್ದರೂ ಪ್ರಬಂಧಕ್ಕೆ ಕುಂದಿಲ್ಲ. ಗೈಡ್ ಆದವರು ಅದನ್ನು ಒತ್ತಾಯಿಸಿ ಹೇಳಿಸಬಾರದು.

ಕ್ಷೇತ್ರದ ಟಿಪ್ಪಣಿಗಳನ್ನು ಅಂದಂದೇ ಬರೆದು, ಎರಡು ಕಡೆ ಇಡಬೇಕು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಶ್ರೀನಿವಾಸ್ ಅವರು ರಾಮಪುರದ ಬಗ್ಗೆ ಹಲವು ವರ್ಷ ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನ ಬಲದಿಂದ ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದು ಹೆಸರಾಯಿತು. ಅದು ದಶಕಗಳ ಒಡನಾಟವಿದ್ದ ವಿದ್ವಾಂಸನಿಗೆ ಸಾಧ್ಯವಾದದ್ದು. ವಿದ್ಯಾರ್ಥಿ ತನ್ನ ಪ್ರಶ್ನಾವಳಿಗಳ ಫೋಟೊ ತೆಗೆದು ಗೈಡ್ ಅವರಿಗೂ ಒಂದು ಪ್ರತಿ ಕಳುಹಿಸಿಡುವುದೇ ಸರಿ.

ಬರವಣಿಗೆ ಮತ್ತು ವೈವಾ

ಅಂಕಿಗಳನ್ನು ಬರೆಯುವಲ್ಲಿ ಸಂಯಮ ಬೇಕು. 30 ಜನರನ್ನು ಕೇಳಿ ‘ಶೇಕಡಾ 33.33 ರೈತರು’ ಎಂದು ಬರೆದರೆ ಅದರ ಅರ್ಥ ಹತ್ತು ಜನ, ಅಷ್ಟೇ. ‘30ರಲ್ಲಿ 10’ ಎಂದೇ ಬರೆಯುವುದು ಪ್ರಾಮಾಣಿಕ. ನೂರು ಮನೆಗಳನ್ನು ಸರಿಯಾಗಿ ಆರಿಸಿ ಕೇಳಿದಾಗಲೂ ಬಂದ ಶೇಕಡಾವಾರಿನಲ್ಲಿ ಆಚೀಚೆ ಹತ್ತರಷ್ಟು ವ್ಯತ್ಯಾಸ ಇರಬಹುದು. ಅಂದುಕೊಂಡದ್ದಕ್ಕೆ ವಿರುದ್ಧವಾದ ಫಲಿತಾಂಶ ಬಂದರೆ ಅದನ್ನು ಅಡಗಿಸಬಾರದು. ಕೊನೆ ಭಾಗಕ್ಕಿಂತ ನಡುಭಾಗದಲ್ಲೇ ನೀರು ಕಡಿಮೆ ಹರಿದಿದ್ದರೆ ವರದಿಯ ಅತಿ ಮುಖ್ಯ ವಾಕ್ಯ ಅದೇ.

ಪ್ರಬಂಧವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದ್ದಲ್ಲಿ ಕನ್ನಡದಲ್ಲೇ ಬರೆಯುವುದು ಒಳ್ಳೆಯದು. ವಿಚಾರ ಸ್ಪಷ್ಟವಾಗುತ್ತದೆ, ಊರಿನವರೂ ಓದಬಲ್ಲರು. ಹಣ ಕೊಟ್ಟರೆ ಸಿಗುವ ಸಿದ್ಧ ವರದಿಗಳಿಂದ, ಹಳೆಯ ಬ್ಯಾಚಿನ ಪ್ರತಿಗೆ ಹೊಸ ಮುಖಪುಟ ಹಾಕುವುದರಿಂದ ದೂರವಿರಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮರಳಿ ಒಪ್ಪಿಸಬೇಕು. 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ನಿಯಮಕ್ಕಿಂತ ದೊಡ್ಡ ನಷ್ಟ ಬೇರೆಯಿದೆ: ಕೊಂಡು ತಂದ ವರದಿಯ ಎರಡನೇ ಪ್ರಶ್ನೆಗೆ ವೈವಾದಲ್ಲಿ ಉತ್ತರ ಇರುವುದಿಲ್ಲ, ಉದ್ಯೋಗದ ಸಂದರ್ಶನದಲ್ಲೂ ಇರುವುದಿಲ್ಲ.

ವೈವಾದಲ್ಲಿ ಪರೀಕ್ಷಕರು ಸಾಮಾನ್ಯವಾಗಿ ಕೇಳುವುದು ಮೂರು ಸಂಗತಿ: ಈ ವಿಷಯವನ್ನೇ ಏಕೆ ಆರಿಸಿಕೊಂಡದ್ದು, ಮಾಹಿತಿಯನ್ನು ಹೇಗೆ ಕಲೆಹಾಕಿದ್ದು, ಈ ಅಧ್ಯಯನದ ಮಿತಿ ಏನು. ಮೊದಲನೆಯದಕ್ಕೆ ಸ್ವಂತ ಅನುಭವ ಎರಡು ಮಾತಿನಲ್ಲಿ ಸಾಕು. ಎರಡನೆಯದಕ್ಕೆ ಕ್ಷೇತ್ರದ ದಿನಚರಿ ಪುಸ್ತಕವನ್ನು ಜೊತೆಗೆ ಒಯ್ಯಬೇಕು. ಮೂರನೆಯದಕ್ಕೆ ಮಿತಿಯನ್ನು ಹಿಂಜರಿಯದೆ ಹೇಳಬೇಕು. ಮಿತಿಯೇ ಇಲ್ಲದ ಅಧ್ಯಯನವನ್ನು ಯಾವ ಪರೀಕ್ಷಕರೂ ನಂಬುವುದಿಲ್ಲ.

ವರದಿಯ ಒಂದು ಪ್ರತಿ ಕಾಲೇಜು ಗ್ರಂಥಾಲಯಕ್ಕೆ ಹೋಗುತ್ತದೆ. ಅದರ ಜೊತೆ ಕನ್ನಡದಲ್ಲಿ ಎರಡು ಪುಟದ ಸಾರಾಂಶ ಬರೆದು ಮಾಹಿತಿ ಕೊಟ್ಟ ಊರಿನ ಗ್ರಾಮ ಪಂಚಾಯಿತಿಗೆ, ಶಾಲೆಗೆ, ನೀರು ಬಳಕೆದಾರರ ಸಂಘಕ್ಕೆ ತಲುಪಿಸಬೇಕು. ನೀರಿನ ಪರೀಕ್ಷೆಯಲ್ಲಿ ಆರ್ಸೆನಿಕ್ ಅಥವಾ ಫ್ಲೋರೈಡ್ ಮಿತಿ ಮೀರಿದ್ದು ಪ್ರಯೋಗಾಲಯದಲ್ಲಿ ಖಚಿತವಾದರೆ ಸೆಮಿಸ್ಟರ್ ಮುಗಿಯಲಿ ಎಂದು ಕಾಯಬಾರದು. ಫಲಿತಾಂಶ ಬಂದ ದಿನವೇ ಗೈಡ್ ಅವರ ಸಹಿಯೊಂದಿಗೆ ಪಂಚಾಯಿತಿಗೆ ಬರೆದುಕೊಟ್ಟು, ಆ ನೀರು ಕುಡಿಯುವ ಮನೆಗಳಿಗೆ ಹೇಳಿ ಬರಬೇಕು.